ಹಡಗಿನ ದಿನ ನೋಡಿ ದ್ವೀಪ ಆರಿಸಿ: ಗ್ರೀಸಿನ ಐದು ಸಣ್ಣ ದ್ವೀಪಗಳ ಹೋಲಿಕೆ

ಗ್ರೀಸ್ ದೇಶಕ್ಕೆ ಸೇರಿದ ದ್ವೀಪಗಳೂ ಕಿರುದ್ವೀಪಗಳೂ ಒಟ್ಟು ಸುಮಾರು 6,000 ಎಂದು ಲೆಕ್ಕ ಹಾಕುತ್ತಾರೆ. ಅವುಗಳಲ್ಲಿ ಜನ ವಾಸವಾಗಿರುವುದು 227ರಲ್ಲಿ ಮಾತ್ರ. ನಮ್ಮ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ಅಥೆನ್ಸ್ ನೋಡಿಕೊಂಡು ಸಾಂಟೊರಿನಿಗೋ ಮಿಕೊನೋಸ್‌ಗೋ ಹೋಗಿ, ಬಿಳಿ ಗೋಡೆ ನೀಲಿ ಗುಮ್ಮಟಗಳ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಸಾಂಟೊರಿನಿ ನಿಜಕ್ಕೂ ಚೆಲುವಾದ ಜಾಗ. ಆದರೆ ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ, ವಿಹಾರನೌಕೆಗಳಿಂದ ಇಳಿದ ಸಾವಿರಾರು ಜನರ ನಡುವೆ ಸಿಕ್ಕಿಕೊಂಡು, ಇದೇ ಸಮುದ್ರ ಇದೇ ಬೆಳಕು ಇಷ್ಟು ಗದ್ದಲವಿಲ್ಲದೆ ಎಲ್ಲಾದರೂ ಸಿಕ್ಕೀತೇ ಎಂದು ಕೇಳಿಕೊಂಡವರಿಗಾಗಿ ಈ ಬರಹ. ಸಿಗುತ್ತದೆ, ಹತ್ತಾರು ಕಡೆ ಸಿಗುತ್ತದೆ. ಅವುಗಳಲ್ಲಿ ನಿಮಗೆ ಒಗ್ಗುವುದು ಯಾವುದು ಎಂದು ತೀರ್ಮಾನಿಸುವುದೇ ಕಷ್ಟದ ಕೆಲಸ.

ಇಲ್ಲಿ ನಾನು ಹೋಲಿಸುತ್ತಿರುವುದು ಐದು ದ್ವೀಪಗಳನ್ನು. ಅನಾಫಿ, ಫೊಲೆಗಾಂಡ್ರೋಸ್ ಮತ್ತು ಇರಾಕ್ಲಿಯಾ ಏಜಿಯನ್ ಸಮುದ್ರದ ನಡುವಿನ ಸೈಕ್ಲೇಡ್ಸ್ ಸಮೂಹಕ್ಕೆ ಸೇರಿದವು. ನಿಸಿರೋಸ್ ಮತ್ತು ಟಿಲೋಸ್ ಟರ್ಕಿಯ ಕರಾವಳಿಗೆ ಹತ್ತಿರವಿರುವ ಡೊಡೆಕನೀಸ್ ಸಮೂಹದವು. ಐದರಲ್ಲಿ ಒಂದಕ್ಕೂ ವಿಮಾನ ನಿಲ್ದಾಣವಿಲ್ಲ. ಎರಡು ಬೇರೆ ಬೇರೆ ಪ್ರವಾಸಗಳಲ್ಲಿ, ಒಮ್ಮೆ ಸೆಪ್ಟೆಂಬರಿನಲ್ಲಿ ಒಮ್ಮೆ ಮೇ ತಿಂಗಳಲ್ಲಿ, ನಾನು ಇವುಗಳಲ್ಲಿ ತಂಗಿದ್ದೇನೆ. ಆದ್ದರಿಂದ ಮುಂದಿನ ಮಾತುಗಳಲ್ಲಿ ನನ್ನ ಒಲವುಗಳೂ ಸೇರಿರುತ್ತವೆ.

ಮೊದಲು ಹಡಗು, ಆಮೇಲೆ ಕಡಲತೀರ

ದ್ವೀಪ ಆರಿಸುವಾಗ ಬಹಳ ಜನ ಕಡಲತೀರದ ಚಿತ್ರಗಳನ್ನು ನೋಡುತ್ತಾ ಕೂರುತ್ತಾರೆ. ಸಣ್ಣ ದ್ವೀಪದ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ಸಂಗತಿ, ಏಕೆಂದರೆ ನೀರು ಎಲ್ಲ ಕಡೆಯೂ ಅಷ್ಟೇ ತಿಳಿಯಾಗಿರುತ್ತದೆ. ಮೊದಲು ನೋಡಬೇಕಾದದ್ದು ಅಲ್ಲಿಗೆ ಹಡಗು ವಾರಕ್ಕೆ ಎಷ್ಟು ಸಲ ಬರುತ್ತದೆ, ಎಲ್ಲಿಂದ ಬರುತ್ತದೆ, ಎಷ್ಟು ದೊಡ್ಡದು ಎಂಬುದನ್ನು. ಈ ದ್ವೀಪಗಳು ಸದ್ದಿಲ್ಲದೆ ಉಳಿದಿರುವುದೇ ಹಡಗು ಅಪರೂಪವಾಗಿರುವುದರಿಂದ. ಆ ಸದ್ದಿಲ್ಲದಿರುವಿಕೆಯನ್ನು ಬಯಸಿ ಹೋಗುವವರು ಹಡಗು ಬಾರದ ದಿನವನ್ನೂ ಒಪ್ಪಿಕೊಂಡೇ ಹೋಗಬೇಕು.

ಬೇಸಿಗೆಯಲ್ಲಿ ಹಡಗು ನಿಲ್ಲುವುದಕ್ಕೆ ಮುಖ್ಯ ಕಾರಣ ಮೆಲ್ಟೆಮಿ ಎಂಬ ಬಡಗಣ ಗಾಳಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇದರ ಹೊಡೆತ ಹೆಚ್ಚು. ಬಾಲ್ಕನ್ ಪ್ರದೇಶದ ಮೇಲೆ ವಾಯುಭಾರ ಏರಿ, ಟರ್ಕಿಯ ಕಡೆ ಇಳಿದಿರುವಾಗ ಈ ಗಾಳಿ ಏಜಿಯನ್ ಸಮುದ್ರದ ಉದ್ದಕ್ಕೂ ನುಗ್ಗುತ್ತದೆ. ಟರ್ಕಿಯ ಕಡೆಯ ಆ ಇಳಿಭಾರವು ನಮ್ಮ ಮುಂಗಾರನ್ನು ಸೆಳೆದು ತರುವ ಏಷ್ಯಾದ ಬೇಸಿಗೆಯ ಇಳಿಭಾರದ ಪಡುವಣ ಚಾಚು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮಲೆನಾಡಿನಲ್ಲಿ ಮಳೆ ಸುರಿಯುವ ಹೊತ್ತಿಗೇ ಅಲ್ಲಿ ಗಾಳಿ ಬೀಸುತ್ತದೆ. ಆದರೆ ನಮ್ಮಲ್ಲಿ ಬಿರುಗಾಳಿ ಎಂದರೆ ಮೋಡ ಕವಿಯಬೇಕು, ಮಣ್ಣಿನ ವಾಸನೆ ಬರಬೇಕು. ಅಲ್ಲಿ ಆಕಾಶದಲ್ಲಿ ಒಂದು ಚೂರು ಮೋಡವೂ ಇರುವುದಿಲ್ಲ, ಬಿಸಿಲು ಫಳಫಳ ಹೊಳೆಯುತ್ತಿರುತ್ತದೆ, ಆದರೂ ಬಂದರಿನಲ್ಲಿ ಹಡಗು ಇಲ್ಲ. ಗಾಳಿಯ ಬಲ ಬೋಫರ್ಟ್ ಮಾಪನದಲ್ಲಿ 8ನ್ನು ಮುಟ್ಟಿದರೆ ಸಾಮಾನ್ಯವಾಗಿ ದೊಡ್ಡ ಹಡಗುಗಳೂ ನಿಲ್ಲುತ್ತವೆ. ಚಿಕ್ಕ ಹಡಗುಗಳೂ ವೇಗದ ಕಟಮರಾನ್‌ಗಳೂ ಅದಕ್ಕೆ ಮುಂಚೆಯೇ ನಿಲ್ಲುತ್ತವೆ. ಈ ನಿಷೇಧಕ್ಕೆ ಗ್ರೀಕರು ಅಪಗೊರೆಫ್ತಿಕೊ ಎನ್ನುತ್ತಾರೆ. ಬೇರೆ ಯಾವ ಗ್ರೀಕ್ ಪದ ಕಲಿಯದಿದ್ದರೂ ಇದೊಂದನ್ನು ಕಲಿತುಕೊಳ್ಳಿ, ಬಂದರಿನ ಕಟ್ಟೆಯ ಮೇಲೆ ಕಿವಿಗೆ ಬೀಳುವ ಮೊದಲ ಪದವೇ ಅದಾಗಿರಬಹುದು.

ಅನಾಫಿಯಲ್ಲಿ ಮೂರು ದಿನವೆಂದು ಹೋದ ನಾವು ಐದು ದಿನ ಉಳಿದದ್ದು ಇದೇ ಕಾರಣಕ್ಕೆ. ಅಥೆನ್ಸಿನಿಂದ ಹೊರಡಬೇಕಿದ್ದ ವಿಮಾನ ತಪ್ಪಿತು, ಹೊಸ ಟಿಕೆಟಿಗೆ ದುಡ್ಡು ಹೋಯಿತು. ತಪ್ಪು ಯಾರದೂ ಅಲ್ಲ, ಹಡಗಿಗೂ ವಿಮಾನಕ್ಕೂ ನಡುವೆ ಒಂದೇ ಒಂದು ರಾತ್ರಿ ಬಿಟ್ಟುಕೊಂಡಿದ್ದ ನಮ್ಮದೇ. ಆದರೆ ಆ ಎರಡು ಹೆಚ್ಚಿನ ದಿನಗಳಿಂದಲೇ ಅನಾಫಿ ನನಗೆ ಅರ್ಥವಾಯಿತು ಎಂಬುದೂ ಅಷ್ಟೇ ನಿಜ.

ಅನಾಫಿಯೋ ಫೊಲೆಗಾಂಡ್ರೋಸೋ

ಸೈಕ್ಲೇಡ್ಸ್ ಕಡೆಗೆ ಹೋಗುವವರಿಗೆ ನಿಜವಾದ ಆಯ್ಕೆ ಈ ಎರಡರ ನಡುವೆ. ನಕ್ಷೆಯಲ್ಲಿ ಎರಡೂ ಸಾಂಟೊರಿನಿಯ ಅಕ್ಕಪಕ್ಕದಲ್ಲಿವೆ, ಅನಾಫಿ ಮೂಡಣಕ್ಕೆ, ಫೊಲೆಗಾಂಡ್ರೋಸ್ ಪಡುವಣದ ಕಡೆಗೆ. ಅಳತೆಯೂ ಹೆಚ್ಚುಕಡಿಮೆ ಒಂದೇ: ಫೊಲೆಗಾಂಡ್ರೋಸ್ ಸುಮಾರು 32 ಚದರ ಕಿಲೋಮೀಟರ್, ಅನಾಫಿ ಸುಮಾರು 38. ಎರಡರಲ್ಲೂ ಊರು ಬೆಟ್ಟದ ಮೇಲೆ, ಬಂದರು ಕೆಳಗೆ. 1930ರ ದಶಕದಲ್ಲಿ ಸರ್ಕಾರ ತನಗೆ ಬೇಡವಾದ ರಾಜಕೀಯ ವಿರೋಧಿಗಳನ್ನು ಗಡೀಪಾರು ಮಾಡಿ ಕಳಿಸಿದ್ದು ಈ ಎರಡೂ ದ್ವೀಪಗಳಿಗೆ. ಇಷ್ಟು ಹೋಲಿಕೆ ಇದ್ದರೂ, ಇವೆರಡರಲ್ಲಿ ಕಳೆಯುವ ಒಂದೊಂದು ದಿನವೂ ಬೇರೆಯಾಗಿರುತ್ತದೆ.

ಫೊಲೆಗಾಂಡ್ರೋಸ್‌ನ ಜನಸಂಖ್ಯೆ 700ರ ಆಸುಪಾಸು. ಬೇಸಿಗೆಯಲ್ಲಿ ಅಥೆನ್ಸಿನ ಪಿರೇಯಸ್ ಬಂದರಿನಿಂದಲೂ ಸಾಂಟೊರಿನಿಯಿಂದಲೂ ವೇಗದ ಹಡಗುಗಳಿವೆ; ಸಾಂಟೊರಿನಿಯಿಂದ ಒಂದು ಗಂಟೆಯ ಹಾದಿ. ಇದರ ಹೆಮ್ಮೆಯೆಂದರೆ ಊರು. ಗ್ರೀಕ್ ದ್ವೀಪಗಳಲ್ಲಿ ಮುಖ್ಯ ಊರಿಗೆ ಸಾಮಾನ್ಯವಾಗಿ ಖೋರಾ ಎನ್ನುತ್ತಾರೆ. ಇಲ್ಲಿನ ಖೋರಾ ಸಮುದ್ರದಿಂದ ಸುಮಾರು 200 ಮೀಟರ್ ಎತ್ತರದ ಕಡಿದಾದ ಬಂಡೆಯ ಅಂಚಿನಲ್ಲಿದೆ. ಅದರ ಒಳಭಾಗವಾದ ಕಾಸ್ಟ್ರೊ, ವೆನಿಸಿನವರ ಆಳ್ವಿಕೆಯ 13ನೆಯ ಶತಮಾನದ ಕೋಟೆ. ಪ್ರತ್ಯೇಕ ಕೋಟೆಗೋಡೆ ಕಟ್ಟುವ ಬದಲು ಮನೆಗಳ ಹಿಂಗೋಡೆಗಳನ್ನೇ ಒಂದಕ್ಕೊಂದು ಜೋಡಿಸಿ ಕೋಟೆ ಮಾಡಿದ್ದಾರೆ, ಇವತ್ತಿಗೂ ಅದರಲ್ಲಿ ಸಂಸಾರಗಳಿವೆ. ಊರೊಳಗೆ ವಾಹನ ಬಿಡುವುದಿಲ್ಲ. ಒಂದರ ಪಕ್ಕ ಒಂದು ಚೌಕಗಳು, ಮರಗಳು, ಮರಗಳ ಕೆಳಗೆ ಊಟದ ಮೇಜುಗಳು. ಊರ ಮೇಲಿನ ಪನಾಗಿಯಾ ಚರ್ಚಿಗೆ ಹಾವಿನಂತೆ ತಿರುಗಿಕೊಂಡು ಹೋಗುವ ಮೆಟ್ಟಿಲದಾರಿ ಇದೆ. ಸಂಜೆ ಅಲ್ಲಿ ನಿಂತರೆ ಗಾಳಿಗೆ ಮಾತು ಕೇಳಿಸದು.

ಗಾಳಿಯೊಂದಿಗೆ ಈ ದ್ವೀಪದವರು ಹೇಗೆ ಬಾಳಿದ್ದಾರೆ ಎಂದು ತಿಳಿಯಬೇಕಾದರೆ ಅನೊ ಮೆರಿಯಾ ಎಂಬ ಬಡಗಣ ಹಳ್ಳಿಗೆ ಬಸ್ಸಿನಲ್ಲಿ ಹೋಗಬೇಕು. ದಾರಿಯ ಬದಿಯಲ್ಲಿ, ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ, ಬಾವಿಯ ಕಟ್ಟೆಯನ್ನು ನೆನಪಿಸುವ ದುಂಡು ಗೋಡೆಗಳು ಕಾಣುತ್ತವೆ, ಆಳೆತ್ತರಕ್ಕೂ ಹೆಚ್ಚು. ಬಾವಿಯೇ ಇರಬೇಕೆಂದು ಬಗ್ಗಿ ನೋಡಿದರೆ ಒಳಗೆ ಒಂದೇ ಒಂದು ನಿಂಬೆಮರ. ಗಾಳಿಗೆ ಹೂವು ಉದುರದಿರಲೆಂದು ಒಂದು ಮರಕ್ಕಾಗಿ ಇಡೀ ಗೋಡೆ ಎಬ್ಬಿಸಿದ್ದಾರೆ. ಮರದ ನೆತ್ತಿ ಗೋಡೆಯ ಮಟ್ಟಕ್ಕೆ ಕತ್ತರಿಸಿದಂತೆ ಚಪ್ಪಟೆಯಾಗಿದೆ, ಅಲ್ಲಿಂದ ಮೇಲೆ ಚಿಗುರಿದ್ದನ್ನು ಗಾಳಿ ಬಿಟ್ಟಿಲ್ಲ.

ಹಾಗಾದರೆ ಫೊಲೆಗಾಂಡ್ರೋಸ್‌ನ ಕೊರತೆ ಏನು? ಅದು ಈಗ ಅಷ್ಟೇನೂ ಗುಟ್ಟಿನ ಜಾಗವಲ್ಲ. ಆಗಸ್ಟಿನಲ್ಲಿ ಚೌಕಗಳ ಮೇಜುಗಳು ರಾತ್ರಿ ಭರ್ತಿಯಾಗಿರುತ್ತವೆ, ಕೊಠಡಿಯ ಬಾಡಿಗೆ ಈ ಐದು ದ್ವೀಪಗಳಲ್ಲೇ ಇಲ್ಲಿ ಹೆಚ್ಚು ಅನ್ನಿಸಿತು. ಒಳ್ಳೆಯ ಕಡಲತೀರಗಳಿಗೆ ಒಂದೋ ಕಲ್ಲುಹಾದಿಯಲ್ಲಿ ನಡೆಯಬೇಕು, ಇಲ್ಲವೇ ಕರವೊಸ್ತಾಸಿಸ್ ಬಂದರಿನಿಂದ ದೋಣಿ ಹಿಡಿಯಬೇಕು. ಕಟೆರ್ಗೊ ಎಂಬ ಹೆಸರಾಂತ ತೀರ ಅಂಥದ್ದು. ಆದರೂ ಮೊದಲ ಸಲ ಸಣ್ಣ ದ್ವೀಪಕ್ಕೆ ಹೋಗುವವರಿಗೆ, ಐದಾರು ದಿನಕ್ಕಿಂತ ಹೆಚ್ಚು ರಜೆ ಇಲ್ಲದವರಿಗೆ ನಾನು ಇದನ್ನೇ ಹೇಳುತ್ತೇನೆ. ಹಡಗು ಹೆಚ್ಚು, ಸಂಜೆಗೆ ಹೋಗಿ ಕೂರುವುದಕ್ಕೊಂದು ಊರು ಇದೆ, ಗದ್ದಲವಿದ್ದರೂ ಅದು ಸಾಂಟೊರಿನಿಯ ಗದ್ದಲವಲ್ಲ.

ಅನಾಫಿಯ ಕಥೆ ಬೇರೆ. ಜನ 300ಕ್ಕೂ ಕಡಿಮೆ. ಸಾಂಟೊರಿನಿಯಿಂದ ಒಂದೂವರೆ ಗಂಟೆಯಷ್ಟೇ ದೂರವಿದ್ದರೂ ಹಡಗು ವಾರಕ್ಕೆ ಕೆಲವೇ ಸಲ. ಪಿರೇಯಸ್‌ನಿಂದ ನೇರ ಬಂದರೆ ಹತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ, ಎಷ್ಟೋ ಸಲ ನಡುರಾತ್ರಿ ಕಳೆದ ಮೇಲೆ ಇಳಿಯಬೇಕಾಗುತ್ತದೆ. ಆರ್ಗೋ ಹಡಗಿನ ವೀರರು ದಾರಿ ಕಾಣದ ಕತ್ತಲೆಯಲ್ಲಿ ಸಿಕ್ಕಿಕೊಂಡಾಗ ಅಪೊಲೋ ದೇವನು ಬೆಳಕು ಚಿಮ್ಮಿಸಿ ತೋರಿಸಿಕೊಟ್ಟ ನೆಲ ಇದು ಎಂಬುದು ಗ್ರೀಕ್ ಪುರಾಣ. ಕಂಡದ್ದು, ಪ್ರಕಟವಾದದ್ದು ಎಂಬ ಅರ್ಥದಿಂದಲೇ ಹೆಸರು ಬಂತೆಂದು ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಹಡಗಿನಿಂದ ಇಳಿದು, ಹಡಗಿನ ದೀಪಗಳು ದೂರ ಸರಿದ ಮೇಲೆ ಬೆಟ್ಟದ ಮೇಲಿನ ಊರಿನ ಹತ್ತಾರು ದೀಪಗಳನ್ನು ಮಾತ್ರ ನೋಡುತ್ತಾ ನಿಂತವರಿಗೆ ಆ ಪುರಾಣ ಕಟ್ಟುಕಥೆ ಅನ್ನಿಸುವುದಿಲ್ಲ.

ಅಪೊಲೋನ ಗುಡಿ ಇದ್ದ ಜಾಗದಲ್ಲಿ, ಅದರ ಹಳೆಯ ಕಲ್ಲುಗಳನ್ನೇ ಒಳಗೊಂಡು, ಈಗ ಜೊಡೊಕೊಸ್ ಪಿಗಿ ಎಂಬ ಕ್ರೈಸ್ತ ಮಠ ನಿಂತಿದೆ. ಅದರ ಬೆನ್ನಿಗೆ ಕಲಾಮೋಸ್ ಎಂಬ ಏಕಶಿಲಾ ಬೆಟ್ಟ ನೇರ ಸಮುದ್ರದಿಂದ 450 ಮೀಟರಿಗೂ ಮಿಕ್ಕಿ ಎದ್ದಿದೆ, ತುದಿಯಲ್ಲಿ ಇನ್ನೊಂದು ಪುಟ್ಟ ಮಠ. ಮೇಲೆ ಹತ್ತಲು ಒಂದು ಗಂಟೆಗೂ ಹೆಚ್ಚು ಬೇಕು, ದಾರಿಯಲ್ಲಿ ಒಂದು ಮರದ ನೆರಳೂ ಇಲ್ಲ. ನಸುಕಿನಲ್ಲಿ ಹೊರಟು ಬಿಸಿಲೇರುವ ಮುಂಚೆ ಇಳಿಯಬೇಕು, ತಲಾ ಎರಡು ಲೀಟರ್ ನೀರು ಹೊತ್ತುಕೊಂಡು ಹೋಗಬೇಕು. ದಕ್ಷಿಣ ದಂಡೆಯಲ್ಲಿ ಕ್ಲಿಸಿಡಿ, ರೂಕುನಾಸ್ ಮುಂತಾದ ಮರಳಿನ ತೀರಗಳು ಸಾಲಾಗಿವೆ. ದ್ವೀಪದ ಬೆಟ್ಟವೇ ಬಡಗಣ ಗಾಳಿಗೆ ಅಡ್ಡ ನಿಲ್ಲುವುದರಿಂದ ಮೇಲೆ ಊರಿನಲ್ಲಿ ಬಾಗಿಲು ಬಡಿದುಕೊಳ್ಳುವ ದಿನವೂ ಕೆಳಗೆ ನೀರು ಸಾಕಷ್ಟು ಶಾಂತವಾಗಿರುತ್ತದೆ. ಅನಾಫಿಯ ದೊಡ್ಡ ಅನುಕೂಲ ಇದೇ, ಹಡಗಿಲ್ಲದ ದಿನವೂ ಈಜಲು ಜಾಗವಿದೆ.

ಅಥೆನ್ಸಿನಲ್ಲಿ ಅಕ್ರೊಪೊಲಿಸ್ ಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ಅನಾಫಿಯೊತಿಕಾ ಎಂಬ ಬಿಳಿ ಮನೆಗಳ ಕೇರಿಯನ್ನು ನೀವು ನೋಡಿರಬಹುದು. 19ನೆಯ ಶತಮಾನದಲ್ಲಿ ಹೊಸ ರಾಜಧಾನಿಯ ಕಟ್ಟಡ ಕೆಲಸಕ್ಕೆಂದು ಈ ದ್ವೀಪದಿಂದ ವಲಸೆ ಹೋದ ಗಾರೆ ಕೆಲಸದವರು ತಮ್ಮೂರಿನಂತೆಯೇ ಕಟ್ಟಿಕೊಂಡ ಮನೆಗಳವು. ಅನಾಫಿಗೆ ಹೋಗುವ ಮೊದಲು ಆ ಓಣಿಗಳಲ್ಲಿ ಅರ್ಧ ಗಂಟೆ ಓಡಾಡಿ ಬನ್ನಿ. ದ್ವೀಪದ ಖೋರಾದಲ್ಲಿ ಅದೇ ತಿರುವುಗಳು, ಅದೇ ತಗ್ಗು ಬಾಗಿಲುಗಳು ಮತ್ತೆ ಎದುರಾಗುತ್ತವೆ.

ಹಡಗಿಲ್ಲದೆ ಉಳಿದ ನಾಲ್ಕನೆಯ ದಿನ ಬೆಳಿಗ್ಗೆ, ನಮ್ಮ ಕೊಠಡಿಯ ಎದುರುಮನೆಯ ಅಜ್ಜಿ ಸೊಪ್ಪು ತೊಳೆದ ನೀರನ್ನು ಚೆಲ್ಲದೆ, ಹೊಸಿಲ ಪಕ್ಕದ ಡಬ್ಬಿಯಲ್ಲಿ ಬೆಳೆಸಿದ್ದ ಗಿಡಕ್ಕೆ ಸುರಿಯುವುದನ್ನು ನೋಡಿದೆ. ಡಬ್ಬಿಗೆ ಸುಣ್ಣ ಬಳಿದಿತ್ತು. ಗಿಡ ವಾಸಿಲಿಕೋಸ್, ನಮ್ಮ ತುಳಸಿಯ ಜಾತಿಯದೇ. ಗ್ರೀಕರ ಮನೆಗಳಲ್ಲಿ ಅದನ್ನು ಅಡುಗೆಗಿಂತ ಹೆಚ್ಚಾಗಿ ಬಾಗಿಲ ಮುಂದೆ ಇಡುವುದಕ್ಕೇ ಬೆಳೆಸುತ್ತಾರೆ, ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದಲ್ಲಿ ಚರ್ಚಿನಲ್ಲಿ ಅದರ ಕುಡಿಗಳನ್ನು ಹಂಚುತ್ತಾರೆ. ಅಜ್ಜಿ ಒಂದು ಕುಡಿ ಮುರಿದು ನನ್ನ ಕೈಗೆ ಕೊಟ್ಟರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಗ್ರೀಕ್ ಬಾರದು. ನಾನು ಅದನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿ ಅವರು ಇನ್ನೊಂದು ಕುಡಿ ಮುರಿದರು.

ಅನಾಫಿ ಯಾರಿಗೆ ಬೇಡ ಎಂಬುದನ್ನೂ ಹೇಳಬೇಕು. ಮಂಡಿನೋವಿನವರಿಗೆ ಖೋರಾದ ಮೆಟ್ಟಿಲುಗಳು ಕಷ್ಟ. ಚಿಕ್ಕ ಮಕ್ಕಳಿಗೆ ಕಡಲತೀರ ಇಷ್ಟವಾದೀತು, ಬಿಸಿಲದಾರಿ ಆಗದು. ವೈದ್ಯಕೀಯ ನೆರವು ಚಿಕ್ಕ ಚಿಕಿತ್ಸಾಲಯವೊಂದಕ್ಕೆ ಸೀಮಿತ. ಹಿಂದಿರುಗುವ ದಿನಾಂಕ ಒಂದು ದಿನವೂ ಅತ್ತಿತ್ತ ಆಗಬಾರದು ಎನ್ನುವವರು ಇಲ್ಲಿಗೆ ಬರಲೇಬಾರದು.

ಇರಾಕ್ಲಿಯಾ: ಏನೂ ಮಾಡದಿರಲು

ನಾಕ್ಸೋಸ್ ಮತ್ತು ಅಮೊರ್ಗೋಸ್ ನಡುವೆ ಚದುರಿರುವ ಕಿರು ಸೈಕ್ಲೇಡ್ಸ್ ಎಂಬ ಗುಂಪಿನಲ್ಲಿ ಇರಾಕ್ಲಿಯಾ, ಸ್ಖಿನೂಸಾ, ಕೂಫೊನಿಸಿ, ದೊನೂಸಾ ಎಂಬ ನಾಲ್ಕು ದ್ವೀಪಗಳಲ್ಲಿ ಜನ ವಾಸಿಸುತ್ತಾರೆ. ಇವುಗಳಲ್ಲಿ ಕೂಫೊನಿಸಿ ಬೇಸಿಗೆಯಲ್ಲಿ ತುಂಬಿ ತುಳುಕುವುದರಿಂದ ಅದನ್ನು ಬಿಟ್ಟಿದ್ದೇನೆ. ಇರಾಕ್ಲಿಯಾದಲ್ಲಿ ಸುಮಾರು 140 ಜನ, ಎರಡು ಊರು: ಬಂದರಿನ ಪಕ್ಕದ ಅಗಿಯೋಸ್ ಗೆಯೊರ್ಗಿಯೋಸ್ ಮತ್ತು ಒಳನಾಡಿನ ಪನಾಗಿಯಾ. ಸೈಕ್ಲೇಡ್ಸ್‌ನ ದೊಡ್ಡ ಗುಹೆಗಳಲ್ಲಿ ಒಂದಾದ ಸಂತ ಯೊವಾನ್ನರ ಗುಹೆ ಇಲ್ಲಿದೆ. ಪನಾಗಿಯಾದಿಂದ ಗುಡ್ಡ ದಾಟಿ ನಡೆಯಬೇಕು, ಬಗ್ಗಿ ಒಳಗೆ ನುಸುಳಬೇಕು. ಆಗಸ್ಟ್ 28ರ ಸಂಜೆ ಊರವರು ಮೇಣದ ಬತ್ತಿ ಹಿಡಿದು ಅಲ್ಲಿ ಪೂಜೆ ನಡೆಸುತ್ತಾರೆ. ಲಿವಾಡಿ ಎಂಬ ಮರಳಿನ ತೀರ ಊರಿಂದ ನಡೆದು ಹೋಗುವಷ್ಟು ಹತ್ತಿರ. ನೋಡುವುದಕ್ಕೆ ಇಷ್ಟೇ. ಓದಲು ಪುಸ್ತಕವಿದ್ದವರಿಗೆ, ಬರೆಯಲು ಕೆಲಸವಿದ್ದವರಿಗೆ, ನಿದ್ದೆ ಬಾಕಿಯಿದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಈ ದ್ವೀಪಗಳನ್ನು ನಾಕ್ಸೋಸ್‌ಗೆ ಬೆಸೆದಿರುವುದು ದಶಕಗಳಿಂದ ಓಡಾಡಿದ ಸ್ಕೊಪೆಲಿಟಿಸ್ ಎಂಬ ಪುಟ್ಟ ಹಡಗು. ಗಾಳಿ ಇರುವ ದಿನ ಅದು ಕುಣಿಯುವ ಬಗೆ ಹೊಟ್ಟೆ ತೊಳಸುವವರಿಗೆ ತಡೆಯದು. ಪಿರೇಯಸ್‌ನಿಂದ ದೊಡ್ಡ ಹಡಗು ಬರುವ ದಿನವನ್ನೇ ನೋಡಿಕೊಂಡು ಹೊರಡುವುದು ಒಳ್ಳೆಯದು.

ನಿಸಿರೋಸ್ ಮತ್ತು ಟಿಲೋಸ್

ಈ ಎರಡಕ್ಕೆ ದಾರಿ ಬೇರೆ. ಕೋಸ್ ಮತ್ತು ರೋಡ್ಸ್ ದ್ವೀಪಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳಿವೆ. ಕೋಸ್‌ನ ಕಾರ್ಡಮೆನಾ ಬಂದರಿನಿಂದ ನಿಸಿರೋಸ್ ಒಂದು ಗಂಟೆಯ ಒಳಗಿನ ಪಯಣ, ರೋಡ್ಸ್‌ನಿಂದ ಟಿಲೋಸ್ ಕಟಮರಾನಿನಲ್ಲಿ ಎರಡು ಗಂಟೆಯ ಆಸುಪಾಸು. ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್‌ಗಳಲ್ಲಿರುವ ಕನ್ನಡಿಗರಿಗೆ ಅಲ್ಲಿಂದಲೇ ಕೋಸ್, ರೋಡ್ಸ್‌ಗಳಿಗೆ ಬೇಸಿಗೆಯಲ್ಲಿ ನೇರ ವಿಮಾನಗಳಿರುವುದರಿಂದ, ಅವರಿಗೆ ಅಥೆನ್ಸಿನ ಗೊಡವೆಯೇ ಇಲ್ಲದೆ ಈ ಜೋಡಿ ದ್ವೀಪಗಳು ಎಟುಕುತ್ತವೆ.

ನಿಸಿರೋಸ್ ಜೀವಂತ ಜ್ವಾಲಾಮುಖಿ. ಸ್ಟೆಫಾನೋಸ್ ಎಂಬ ಸುಮಾರು 300 ಮೀಟರ್ ಅಗಲದ ಕುಳಿಯೊಳಗೆ ನೀವೇ ಇಳಿದು ನಡೆಯಬಹುದು. ಕಾಲಡಿಯ ನೆಲ ಬಿಸಿ, ಹಳದಿ ಗಂಧಕ ಕಟ್ಟಿದ ಬಿರುಕುಗಳಿಂದ ಹಬೆ ಸೂಸುತ್ತಿರುತ್ತದೆ, ಬಟ್ಟೆಗೆ ಹತ್ತಿದ ವಾಸನೆ ಒಗೆಯುವವರೆಗೂ ಹೋಗುವುದಿಲ್ಲ. ತೆಳು ಅಡಿಯ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಪುರಾಣದ ಪ್ರಕಾರ, ಸಮುದ್ರದೇವ ಪೊಸೈಡನ್ ಕೋಸ್ ದ್ವೀಪದ ಒಂದು ತುಂಡು ಕಿತ್ತು ಪೊಲಿವೊಟಿಸ್ ಎಂಬ ದೈತ್ಯನ ಮೇಲೆ ಎಸೆದ, ಆ ತುಂಡೇ ನಿಸಿರೋಸ್, ಅಡಿಯಲ್ಲಿ ಸಿಕ್ಕಿಕೊಂಡ ದೈತ್ಯನ ಉಸಿರೇ ಈ ಹಬೆ.

ಇಲ್ಲಿ ಒಂದು ಎಚ್ಚರಿಕೆ. ಹಗಲು ನಿಸಿರೋಸ್ ಸದ್ದಿಲ್ಲದ ದ್ವೀಪವಲ್ಲ. ಕೋಸ್‌ನಿಂದ ಬೆಳಿಗ್ಗೆ ಬರುವ ದೋಣಿಗಳು ಪ್ರವಾಸಿಗರನ್ನು ಇಳಿಸುತ್ತವೆ, ಬಸ್ಸುಗಳು ಅವರನ್ನು ಕುಳಿಗೆ ಒಯ್ಯುತ್ತವೆ, ಮಧ್ಯಾಹ್ನ ಕಳೆದು ಎಲ್ಲರೂ ಹೊರಟುಹೋಗುತ್ತಾರೆ. ಆ ದೋಣಿಗಳು ಕಣ್ಮರೆಯಾದ ಮೇಲೆ ದ್ವೀಪ ಮತ್ತೆ ತನ್ನ ಸುಮಾರು 1,000 ಜನರದಾಗುತ್ತದೆ. ಆದ್ದರಿಂದ ಇಲ್ಲಿಗೆ ಹಗಲ ಪ್ರವಾಸಕ್ಕೆ ಬರುವುದು ವ್ಯರ್ಥ, ಎರಡು ರಾತ್ರಿಯಾದರೂ ತಂಗಬೇಕು. ಕುಳಿಗೆ ಬೆಳಿಗ್ಗೆ ಏಳೆಂಟು ಗಂಟೆಗೋ ಸಂಜೆಯೋ ಹೋಗಿ. ಕುಳಿಯನ್ನು ಸುತ್ತುವರಿದ ಬೆಟ್ಟದ ಅಂಚಿನ ಮೇಲೆ ಕೂತಿರುವ ನಿಕಿಯಾ ಮತ್ತು ಎಂಪೊರಿಯೋಸ್ ಹಳ್ಳಿಗಳನ್ನು ಬಿಡಬೇಡಿ. ಎಂಪೊರಿಯೋಸ್‌ನ ಊರ ಬಾಗಿಲಲ್ಲೇ ಹಬೆಯಾಡುವ ಒಂದು ಚಿಕ್ಕ ಗವಿ ಇದೆ, ಒಳಗೆ ಐದು ನಿಮಿಷ ಕೂತರೆ ಬೆವರು ಇಳಿಯುತ್ತದೆ. ಮರಳಿನ ತೀರಗಳ ವಿಷಯದಲ್ಲಿ ಮಾತ್ರ ಈ ದ್ವೀಪ ಹಿಂದೆ.

ಟಿಲೋಸ್ ಇದಕ್ಕೆ ತದ್ವಿರುದ್ಧ. ಹಗಲ ಪ್ರವಾಸಿಗರು ಕಡಿಮೆ, ನಡೆಯುವ ದಾರಿಗಳು ಹೆಚ್ಚು. ಬಂದರಿನ ಊರಾದ ಲಿವಾಡಿಯಾ ಕಡಲಂಚಿನಲ್ಲಿ ಸಮತಟ್ಟಾಗಿ ಹರಡಿಕೊಂಡಿದೆ. ತಂದೆತಾಯಿಯರನ್ನು ಕರೆದುಕೊಂಡು ಹೋಗುವವರಿಗೆ ನಾನು ಬೇರೆ ನಾಲ್ಕನ್ನೂ ಬಿಟ್ಟು ಇದನ್ನೇ ಸೂಚಿಸುವುದು ಈ ಒಂದು ಕಾರಣಕ್ಕೆ. ಅವರು ಬೆಳಿಗ್ಗೆ ಸಂಜೆ ಮೆಟ್ಟಿಲು ಹತ್ತದೆ ತಿರುಗಾಡಬಹುದು, ನೀವು ಆ ಹೊತ್ತಿಗೆ ಬೆಟ್ಟದಾರಿ ಹಿಡಿಯಬಹುದು. ಎರಡನೆಯ ಮಹಾಯುದ್ಧದ ನಂತರ ಜನ ಬಂದರಿಗೆ ಇಳಿದುಬಂದು ಬರಿದಾದ ಮಿಕ್ರೊ ಖೋರಿಯೊ ಎಂಬ ಪಾಳು ಊರು ಬೆಟ್ಟದ ಮೇಲಿದೆ. ಚರ್ಚಿಗೆ ಮಾತ್ರ ಈಗಲೂ ಸುಣ್ಣ ಹೊಡೆಯುತ್ತಾರೆ. ಖರ್ಕಡಿಯೊ ಗುಹೆಯಲ್ಲಿ 1971ರಲ್ಲಿ ಕುಬ್ಜ ಆನೆಗಳ ಮೂಳೆಗಳು ಸಿಕ್ಕವು. ಸಮುದ್ರದ ನಡುವೆ ಸಿಕ್ಕಿಬಿದ್ದು, ಮೇವು ಕಡಿಮೆಯಾಗಿ, ಪೀಳಿಗೆಯಿಂದ ಪೀಳಿಗೆಗೆ ಗಿಡ್ಡವಾದ ಆನೆಗಳಿವು. ಯುರೋಪಿನಲ್ಲಿ ಕೊನೆಯವರೆಗೂ ಉಳಿದ ಆನೆಗಳಲ್ಲಿ ಇವನ್ನು ಎಣಿಸುತ್ತಾರೆ.

ಟಿಲೋಸ್ ಜನರ ಬಗ್ಗೆ ನನಗೆ ಗೌರವ ಹುಟ್ಟಿಸಿದ್ದು ಇನ್ನೆರಡು ಸಂಗತಿಗಳು. ಸಮುದ್ರದಡಿಯ ತಂತಿಯಲ್ಲಿ ಬರುತ್ತಿದ್ದ ಕರೆಂಟು ಪದೇ ಪದೇ ಹೋಗುತ್ತಿದ್ದ ಈ ದ್ವೀಪದಲ್ಲಿ ಈಗ 800 ಕಿಲೋವ್ಯಾಟಿನ ಒಂದು ಗಾಳಿಯಂತ್ರ, 160 ಕಿಲೋವ್ಯಾಟಿನ ಸೌರಫಲಕಗಳು ಮತ್ತು ಬ್ಯಾಟರಿಗಳು ಇವೆ. ಈ ಯೋಜನೆಗೆ 2017ರಲ್ಲಿ ಯುರೋಪಿಯನ್ ಒಕ್ಕೂಟದ ಪ್ರಶಸ್ತಿ ಬಂದಿತು. ಬೀದಿಯ ಕಸದ ತೊಟ್ಟಿಗಳನ್ನು ತೆಗೆದುಹಾಕಿ, ಮನೆ ಮನೆಯಿಂದ ಬೇರ್ಪಡಿಸಿದ ಕಸವನ್ನೇ ಸಂಗ್ರಹಿಸುತ್ತಾರೆ. ನೀವು ತಂಗುವ ಕೊಠಡಿಯಲ್ಲೂ ಬೇರೆ ಬೇರೆ ಚೀಲಗಳಿರುತ್ತವೆ, ದಯವಿಟ್ಟು ಅದನ್ನು ಪಾಲಿಸಿ. ಹಕ್ಕಿ ನೋಡುವವರು ದುರ್ಬೀನು ತರಲಿ; ವಲಸೆ ಹಕ್ಕಿಗಳು ಬರುವ ಶರತ್ಕಾಲಕ್ಕೆ ಸರಿಯಾಗಿ ಮರಿ ಮಾಡುವ ಎಲಿಯೊನೊರಾ ಡೇಗೆ ಇಲ್ಲಿನ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ.

ಯಾವಾಗ ಹೋಗಬೇಕು

ಮೇ ಮಧ್ಯದಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್. ಮೇ ತಿಂಗಳಲ್ಲಿ ಬೆಟ್ಟದ ತುಂಬ ಹೂವು, ಆದರೆ ಸಮುದ್ರದ ನೀರು ನಮ್ಮವರಿಗೆ ಚಳಿ ಹುಟ್ಟಿಸುವಷ್ಟು ತಣ್ಣಗಿರುತ್ತದೆ. ಸೆಪ್ಟೆಂಬರಿನಲ್ಲಿ ಬೆಟ್ಟ ಒಣಗಿ ಕಂದಾಗಿರುತ್ತದೆ, ನೀರು ಬೆಚ್ಚಗಿರುತ್ತದೆ. ನಡೆಯುವವರಿಗೆ ಮೊದಲನೆಯದು, ಈಜುವವರಿಗೆ ಎರಡನೆಯದು. ಆಗಸ್ಟ್ 15ರ ಮೇರಿ ಮಾತೆಯ ಹಬ್ಬಕ್ಕೆ ಅಥೆನ್ಸಿನಲ್ಲಿರುವ ದ್ವೀಪದವರೆಲ್ಲ ಊರಿಗೆ ಬರುವುದರಿಂದ ಆ ವಾರ ಅತ್ಯಂತ ಸಣ್ಣ ದ್ವೀಪದಲ್ಲೂ ಕೊಠಡಿ ಸಿಗುವುದಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಬಹುಪಾಲು ಕೊಠಡಿಗಳೂ ಊಟದ ಮನೆಗಳೂ ಮುಚ್ಚಿರುತ್ತವೆ.

ಸಸ್ಯಾಹಾರಿಗಳಿಗೆ

ಮೀನಿನ ನಾಡಿನಲ್ಲಿ ಉಪವಾಸವೇ ಗತಿಯೇನೋ ಎಂಬ ಅಂಜಿಕೆ ಬೇಡ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಮಾಂಸ, ಹಾಲು, ಮೊಟ್ಟೆಗಳನ್ನು ಬಿಟ್ಟು ಉಪವಾಸ ಮಾಡುವವರಾದ್ದರಿಂದ ಅವರ ಅಡುಗೆಯಲ್ಲಿ ಸಸ್ಯಾಹಾರ ಹೇರಳವಾಗಿದೆ. ಅಂಥ ಅಡುಗೆಗೆ ನಿಸ್ತಿಸಿಮೊ ಎನ್ನುತ್ತಾರೆ. ಆದರೆ ಆ ಉಪವಾಸದಲ್ಲಿ ಕಪ್ಪೆಚಿಪ್ಪು, ಸೀಗಡಿ, ಅಷ್ಟಪದಿಗಳಿಗೆ ಅಡ್ಡಿಯಿಲ್ಲವೆಂಬುದನ್ನು ನೆನಪಿಡಿ, ಕೇಳಿಯೇ ತೆಗೆದುಕೊಳ್ಳಿ. ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳಿಗೆ ಲಡೆರಾ ಎಂದು ಹೆಸರು. ಫಾವಾ ಎಂಬುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿದ್ದು. ಒಗ್ಗರಣೆ ಹಾಕದ ಗಟ್ಟಿ ತೊವ್ವೆ ಎಂದುಕೊಳ್ಳಿ. ಸೈಕ್ಲೇಡ್ಸ್‌ನಲ್ಲಿ ಅದು ಎಲ್ಲೆಡೆ ಸಿಗುತ್ತದೆ, ಸ್ಖಿನೂಸಾದ ಫಾವಾ ಹೆಸರುವಾಸಿ. ಫೊಲೆಗಾಂಡ್ರೋಸ್‌ನ ಮತ್ಸಾತಾ, ಕೈಯಲ್ಲೇ ಲಟ್ಟಿಸಿ ಕತ್ತರಿಸಿದ ಪಾಸ್ತಾ, ಹುಂಜದ ಅಥವಾ ಮೊಲದ ಮಾಂಸದೊಂದಿಗೆ ಬರುವುದೇ ವಾಡಿಕೆ. ಟೊಮೆಟೊ ಸಾರಿನಲ್ಲಿ ಕೊಡಿ ಎಂದು ಕೇಳಬಹುದು. ಅನಾಫಿಯಲ್ಲಿ ಕೇಸರಿ ಹಾಕಿದ ಬ್ರೆಡ್ಡು ಮತ್ತು ಕಾಡು ಥೈಮ್ ಹೂವಿನ ಜೇನು. ಈ ವಿಷಯದಲ್ಲಿ ನನ್ನ ಮೆಚ್ಚುಗೆ ನಿಸಿರೋಸ್‌ಗೆ: ಅಲ್ಲಿನ ಪಿಥಿಯಾ, ಕಡಲೆ ರುಬ್ಬಿ ಕರಿದದ್ದು, ನಮ್ಮ ಆಂಬೊಡೆಯ ದೂರದ ನೆಂಟ, ಜೊತೆಗೆ ಸುಮಾಡಾ ಎಂಬ ಬಾದಾಮಿ ಪಾನಕ. ಮಾಂಸ ಬೇಡ ಎನ್ನುವುದಕ್ಕೆ ಖೋರಿಸ್ ಕ್ರೆಯಾಸ್ ಎಂದರೆ ಸಾಕು.

ಕಾಗದಪತ್ರ ಮತ್ತು ದಿನಗಳ ಲೆಕ್ಕ

ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು, ಆದರೆ ಎರಡು ತಿಂಗಳಾದರೂ ಮುಂಚೆ ಹಾಕುವುದು ಕ್ಷೇಮ. ಟರ್ಕಿಯ ಕಡೆಯಿಂದ ದೋಣಿಯಲ್ಲಿ ಬಂದರೂ ಇದೇ ವೀಸಾ ಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಭಾರತದ ಪೌರರಿಗೂ ಇದು ಬೇಕು, ಜರ್ಮನಿಯ ನಿವಾಸ ಪರವಾನಗಿ ಇದ್ದವರಿಗೆ ಬೇಡ. ಸ್ಕೂಟರ್ ಅಥವಾ ಕಾರು ಬಾಡಿಗೆಗೆ ಪಡೆಯುವುದಾದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲೇ ಮಾಡಿಸಿಕೊಂಡು ಹೊರಡಿ. ಕೈಯಲ್ಲಿ ಸ್ವಲ್ಪ ನಗದು ಇರಲಿ, ಏಕೆಂದರೆ ಇಂಥ ದ್ವೀಪಗಳಲ್ಲಿ ಎಟಿಎಂ ಒಂದೇ ಇರುವುದು, ಅದು ಕೆಟ್ಟಿರುವುದು ಎರಡೂ ಉಂಟು. ನೀರು ಅಲ್ಲಿ ದುಬಾರಿ ವಸ್ತು, ಸ್ನಾನಕ್ಕೆ ಹಿತಮಿತವಾಗಿ ಬಳಸಿ.

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿ ಅಥೆನ್ಸ್ ತಲುಪುತ್ತಾರೆ. ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ ತೆಗೆದಿಡಿ. ಒಟ್ಟು ಏಳು ದಿನವಷ್ಟೇ ಇದ್ದರೆ ಫೊಲೆಗಾಂಡ್ರೋಸ್ ಒಂದೇ ಸಾಕು. ಹತ್ತು ದಿನವಿದ್ದರೆ ನಿಸಿರೋಸ್ ಮತ್ತು ಟಿಲೋಸ್ ಜೋಡಿ ಚೆನ್ನಾಗಿ ಕೂಡುತ್ತದೆ, ಎರಡರ ನಡುವೆಯೇ ಓಡಾಡುವ ಹಡಗುಗಳಿವೆ, ಕೋಸ್‌ನಲ್ಲಿ ಇಳಿದು ರೋಡ್ಸ್‌ನಿಂದ ಹಿಂದಿರುಗಬಹುದು. ಎರಡು ವಾರವಿದ್ದವರು ಮಾತ್ರ ಅನಾಫಿಯ ಮಾತೆತ್ತಬೇಕು. ಹೋದರೆ ನಾಲ್ಕು ದಿನಕ್ಕಿಂತ ಕಡಿಮೆ ಇರಬೇಡಿ. ಇರಾಕ್ಲಿಯಾವನ್ನು ನಾಕ್ಸೋಸ್‌ನೊಂದಿಗೆ ಜೋಡಿಸಿ ಮೂರು ದಿನ ಇಟ್ಟುಕೊಳ್ಳಿ.

ಯಾವುದನ್ನೇ ಆರಿಸಿದರೂ, ಪ್ರವಾಸದ ಕೊನೆಯ ಎರಡು ರಾತ್ರಿಗಳನ್ನು ವಿಮಾನ ನಿಲ್ದಾಣವಿರುವ ನೆಲದಲ್ಲೇ ಕಳೆಯುವಂತೆ ಯೋಜಿಸಿ: ಅಥೆನ್ಸ್, ಕೋಸ್, ರೋಡ್ಸ್, ನಾಕ್ಸೋಸ್ ಅಥವಾ ಸಾಂಟೊರಿನಿ. ಹೊರಡುವ ಹಿಂದಿನ ಸಂಜೆ ಬಂದರಿನ ಟಿಕೆಟ್ ಅಂಗಡಿಗೆ ಹೋಗಿ, ನಾಳೆಯ ಹಡಗಿಗೆ ಅಪಗೊರೆಫ್ತಿಕೊ ಇದೆಯೇ ಎಂದು ವಿಚಾರಿಸಿ. ಇದೆ ಎಂದರೆ ಅಲ್ಲಿಂದಲೇ ಕೊಠಡಿಯ ಮನೆಯವರಿಗೆ ಫೋನ್ ಮಾಡಿ ಇನ್ನೆರಡು ದಿನಕ್ಕೆ ಹೇಳಿಬಿಡಿ. ಬೆಳಗಾಗುವ ಹೊತ್ತಿಗೆ ನಿಮ್ಮಂತೆ ಹಡಗಿಲ್ಲದೆ ಉಳಿದವರೂ ಅದೇ ಕೊಠಡಿಯನ್ನು ಕೇಳುತ್ತಿರುತ್ತಾರೆ.